ಸೊನ್ನೆ ನಂಬರಿನ ಮನೆಯಲ್ಲಿ ಶ್ರೀ

ಸಿಟ್ಟು ಬಂದರೆ ಸಂಪತ್ ಕುಮಾರ ಬೈಯುತ್ತಿರಲಿಲ್ಲ, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದ. ೧೯೭೯ರ ಆ ಒಂದು ವಾರದಲ್ಲಿ ಅವನು ಕನ್ನಡಕ ಒರೆಸಿದಷ್ಟು ಹಿಂದಿನ ಇಡೀ ವರ್ಷದಲ್ಲಿ ಒರೆಸಿರಲಾರ. ಅವನ ಹೆಂಡತಿ ಪಂಕಜಮ್ಮ ಅಡುಗೆಮನೆಯ ಬಾಗಿಲಿನಿಂದಲೇ ನೋಡಿ, ಇವತ್ತು ಹಜಾರದ ಕಡೆ ಹೋಗುವುದು ಬೇಡ ಎಂದು ತೀರ್ಮಾನ ಮಾಡಿಬಿಡುತ್ತಿದ್ದಳು.

ಅವನು ಮಂಡ್ಯದ ಒಂದು ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕು. ವಯಸ್ಸು ನಲವತ್ತೆರಡು. ಗುತ್ತಲು ರಸ್ತೆಯ ಮನೆಯ ಹಜಾರದಲ್ಲಿ ಮೂರು ವರ್ಷದಿಂದ ಒಂದು ಕಂಪ್ಯೂಟರ್ ಕಟ್ಟುತ್ತ ಕೂತಿದ್ದ. ಕಂಪ್ಯೂಟರ್ ಎನ್ನುವ ಶಬ್ದ ಆ ರಸ್ತೆಗೆ ಬಂದದ್ದೇ ಅವನಿಂದ. ಅದರ ತಗಡಿನ ಮೈ ಕಾರ್ಖಾನೆಯವರು ಬಿಸಾಕಿದ್ದ ಒಂದು ಹಳೇ ಪ್ಯಾನೆಲ್ಲು. ಅದನ್ನು ಕತ್ತರಿಸಿ ಬಗ್ಗಿಸಿ ಕೊಟ್ಟವನು ಹನಕೆರೆಯ ಚಲುವರಾಜು, ಅದೇ ಕಾರ್ಖಾನೆಯ ಫಿಟ್ಟರ್, ಸಂಪತ್ತಿನ ಹದಿನೈದು ವರ್ಷದ ಗೆಳೆಯ. ಮುಂಭಾಗದಲ್ಲಿ ಸಾಲಾಗಿ ಸ್ವಿಚ್ಚುಗಳು, ಅವುಗಳ ಮೇಲೆ ಪುಟ್ಟ ಕೆಂಪು ದೀಪಗಳು. ಉತ್ತರ ಹೊಡೆದು ತೋರಿಸುವುದಕ್ಕೆ ಮಳವಳ್ಳಿಯಲ್ಲಿ ಗುಜರಿಗೆ ಹಾಕಿದ್ದ ಒಂದು ಟೆಲಿಪ್ರಿಂಟರ್. ಅದನ್ನು ಮದ್ದೂರಿನಲ್ಲಿ ಬಸ್ಸು ಬದಲಿಸಿ ತರುವಾಗ, ಸೀಟಿನ ಮೇಲೆ ಕೂತಿದೆ ಎಂಬ ಕಾರಣಕ್ಕೆ ಕಂಡಕ್ಟರು ಅದಕ್ಕೂ ಒಂದು ಟಿಕೆಟ್ ಹರಿದಿದ್ದ. ಆ ಟಿಕೆಟ್ಟು ಇನ್ನೂ ಟೆಲಿಪ್ರಿಂಟರಿನ ಹೊಟ್ಟೆಯೊಳಗೇ ಅಂಟಿಕೊಂಡಿತ್ತು.

ಇಷ್ಟಾದರೂ ಅದು ಮಾಡುತ್ತಿದ್ದದ್ದು ಸಂಪತ್ ಕುಮಾರ ತಾನೇ ಬರೆದ ನಾಲ್ಕಾರು ಕೆಲಸ ಮಾತ್ರ. ಮಗ್ಗಿ ಹೊಡೆಯುತ್ತಿತ್ತು, ತಾರೀಖು ಹೇಳಿದರೆ ವಾರ ಹೇಳುತ್ತಿತ್ತು. ಹಿಂದಿನ ವರ್ಷ ಒಬ್ಬ ಕಾಲೇಜಿನ ಲೆಕ್ಚರರನ್ನು ಅವನು ಆಸೆಯಿಂದ ಮನೆಗೆ ಕರೆದು ತೋರಿಸಿದ್ದ. ಆತ ಕಾಫಿ ಕುಡಿದು, ಸುತ್ತಲೂ ಬಗ್ಗಿ ನೋಡಿ, "ಕೆಲಸ ಚೆನ್ನಾಗಿದೆ. ಆದರೆ ಇದು ಕಂಪ್ಯೂಟರ್ ಅಲ್ಲ, ಕಂಪ್ಯೂಟರಿನ ಬೊಂಬೆ. ಬೇರೆಯವರು ಬರೆದ ಪ್ರೋಗ್ರಾಮು ಇದರಲ್ಲಿ ಓಡುತ್ತಾ, ಹೇಳಿ" ಎಂದುಬಿಟ್ಟಿದ್ದ. ಓಡುತ್ತಿರಲಿಲ್ಲ. ಅಪ್ಪನ ಎದುರಿಗೆ, ಹೆಂಡತಿಯ ಎದುರಿಗೆ ಆಡಿದ ಮಾತು. ಬೊಂಬೆ ಎನ್ನುವ ಆ ಒಂದು ಶಬ್ದ ಸಂಪತ್ ಕುಮಾರನನ್ನು ಊಟ ಮಾಡಲು ಬಿಡಲಿಲ್ಲ, ಮಲಗಲು ಬಿಡಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಂಗಳೂರಿನಿಂದ ಇನ್‌ಲ್ಯಾಂಡ್ ಪತ್ರ ಬಂತು. ಬರೆದವನು ರಾಮಾನುಜ, ಸಂಪತ್ತಿನ ಜೊತೆ ಓದಿದವನು, ಈಗ ಅಲ್ಲೊಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. "ನಮ್ಮಲ್ಲಿ ಒಂದು ಹೊಸ ಆಪರೇಟಿಂಗ್ ಸಿಸ್ಟಂ ಬಂದಿದೆ. ಮದುವೆ ಮನೆಯಲ್ಲಿ ಪಾರುಪತ್ಯ ನೋಡಿಕೊಳ್ಳುವವನು ಇರ್ತಾನಲ್ಲ, ಉಗ್ರಾಣದಿಂದ ಏನು ಬೇಕೋ ತೆಗೆಸಿಕೊಟ್ಟು, ಯಾರ ಕೆಲಸ ಯಾವಾಗ ಅಂತ ಹೇಳ್ತಾ, ಹಾಗೆ ಇದು ಮೆಷಿನ್ನಿನ ಒಳಗೆ. ಇದು ಕೂತರೆ ಯಾರು ಬರೆದ ಪ್ರೋಗ್ರಾಮು ಬೇಕಾದರೂ ಓಡುತ್ತೆ. ಭಾನುವಾರ ಮೈಸೂರಿಗೆ ಹೋಗ್ತಿದ್ದೀನಿ, ದಾರಿಯಲ್ಲಿ ಇಳಿದು ನಿನ್ನ ಮೆಷಿನ್ನಿಗೆ ಹಾಕಿ ನೋಡಬಹುದು. ಇದನ್ನು ತುಂಬಿಟ್ಟಿರುವ ಡಿಸ್ಕು ಓಡಿಸುವ ಪೆಟ್ಟಿಗೆ ಹೆಣ ಭಾರ, ಸುಮ್ಮನೆ ಹೊರಿಸಬೇಡ. ನಿನ್ನದರಲ್ಲಿ ಲೆಕ್ಕ ಮಾಡುವ ಚಿಪ್ಪು ನಮ್ಮದೇ ಜಾತಿಯದಿರಬೇಕು, ನೆನಪಿಟ್ಟುಕೊಳ್ಳುವ ಮನೆಗಳು ಹದಿನಾರು ಸಾವಿರಕ್ಕೆ ಕಡಿಮೆ ಇರಬಾರದು, ಒಂದೂ ಕೆಟ್ಟಿರಬಾರದು. ಪರೀಕ್ಷೆ ಮಾಡಿ ಕಾರ್ಡು ಹಾಕು" ಎಂದು ಬರೆದಿದ್ದ.

ಬೇರೆಯವರು ಬರೆದ ಪ್ರೋಗ್ರಾಮು. ಸಂಪತ್ ಕುಮಾರ ಆ ಸಾಲನ್ನು ಮೂರು ಸಲ ಓದಿದ. ಚಿಪ್ಪನ್ನು ನೋಡಬೇಕಾಗಿಯೇ ಇರಲಿಲ್ಲ, ಅದನ್ನು ತಂದುಕೊಟ್ಟವನೇ ರಾಮಾನುಜ. ಉಳಿದದ್ದು ಮನೆಗಳು. ಚೌಕಾಬಾರದ ಮನೆಗಳ ಹಾಗೆ ಸಾಲಾಗಿ, ಸೊನ್ನೆಯಿಂದ ನಂಬರು ಹಾಕಿಕೊಂಡು ಕೂತ ಹದಿನಾರು ಸಾವಿರ ಚಿಲ್ಲರೆ ಮನೆಗಳು. ಅಳಿಯದ ಹಾಗೆ ಬರೆಸಿಟ್ಟಿದ್ದ ಮೊದಲ ಕೆಲವನ್ನು ಬಿಟ್ಟು, ಒಂದೊಂದರಲ್ಲೂ ಒಂದು ಅಂಕಿ ಇಟ್ಟು, ತಿರುಗಿ ಕೇಳಿ, ಅದೇ ಅಂಕಿ ವಾಪಸು ಬಂತೇ ಎಂದು ನೋಡಬೇಕು. ಹಾಗೆ ಇನ್ನೂರೈವತ್ತಾರು ಸುತ್ತು. ಒಂದು ಸುತ್ತು ಮುಗಿದರೆ ಟೆಲಿಪ್ರಿಂಟರ್ ಒಂದು ಸಾಲು ಹೊಡೆಯುತ್ತದೆ. ಎಲ್ಲ ಮುಗಿಯಲು ಇಪ್ಪತ್ತು ನಿಮಿಷ ಸಾಕು.

ಮಂಡ್ಯದಲ್ಲಿ ಇಪ್ಪತ್ತು ನಿಮಿಷ ಒಂದೇ ಸಮನಾದ ಕರೆಂಟು ಸಿಗುವುದು ಅಷ್ಟು ಸುಲಭವಿರಲಿಲ್ಲ. ಸೋಮವಾರ ಸಂಜೆ ನಲವತ್ತನೇ ಸುತ್ತಿನಲ್ಲಿ ಕರೆಂಟು ಹೋಯಿತು. ಮಂಗಳವಾರ ಬೆಳಿಗ್ಗೆ ಕರೆಂಟು ಹೋಗಲಿಲ್ಲ, ಬದಲಿಗೆ ಎದುರಿನ ಹಿಟ್ಟಿನ ಮಿಲ್ಲು ಶುರುವಾಯಿತು. ಮಿಲ್ಲಿನ ಮೋಟರು ಎದ್ದಾಗಲೆಲ್ಲ ಇಡೀ ಬೀದಿಯ ಬಲ್ಬು ಒಂದು ಸಲ ಮಂಕಾಗುತ್ತಿತ್ತು, ಆ ಒಂದು ಕ್ಷಣದಲ್ಲಿ ಹದಿನಾರು ಸಾವಿರ ಮನೆಗಳೂ ಹೇಳಿದ್ದನ್ನೆಲ್ಲ ಮರೆತುಬಿಡುತ್ತಿದ್ದವು. ಮೊದಲ ಸಲ ಎಪ್ಪತ್ತನೇ ಸುತ್ತು. ಎರಡನೇ ಸಲ ಹನ್ನೊಂದು. ಮೂರನೇ ಸಲ ಇನ್ನೂರ ನಲವತ್ತೊಂಬತ್ತು, ಇನ್ನೇನು ಏಳು ಸಾಲು ಬಾಕಿ. ಸಂಪತ್ ಕುಮಾರ ಕನ್ನಡಕ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ.

ಆ ಸಂಜೆ ಷಿಫ್ಟು ಮುಗಿಸಿಕೊಂಡು ಬಂದ ಚಲುವರಾಜು ಬಾಗಿಲಲ್ಲೇ ನಿಂತು ಹೇಳಿದ. "ಲೇ ಸಂಪತ್ತಣ್ಣ, ಇಲ್ಲಿ ಕುಂತ್ಕಂಡು ಕನ್ನಡಕ ಸವೆಸಿದ್ರೆ ಮಿಲ್ಲು ನಿಂತದಾ? ಓಗಿ ಕೇಳನ ನಡಿ."

ಮಿಲ್ಲಿನ ಮಾಲೀಕ ಕೆಂಪಸಿದ್ದಯ್ಯ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಕೂತಿದ್ದ. ಇಪ್ಪತ್ತು ನಿಮಿಷ ಮಿಲ್ಲು ನಿಲ್ಲಿಸುತ್ತೀರಾ ಎಂದು ಸಂಪತ್ ಕುಮಾರ ಕೇಳಿದ.

"ಯಾಕೆ ಸಾಮಿ, ಬೀದೀಲಿ ಯಾರಾರ ಓಗ್ಬುಟ್ರಾ?"

"ಯಾರೂ ಹೋಗಿಲ್ಲ. ನನ್ನ ಮೆಷಿನ್ನಿಗೆ ಒಂದು ಪರೀಕ್ಷೆ ಇದೆ."

"ನಿಮ್ಮ ಮಿಸಿನ್ನಿಗೆ ಪರೀಕ್ಸೆ, ನಮ್ಮ ಮಿಸಿನ್ನಿಗೆ ರಜವಾ? ಸರೋಯ್ತು."

ಸಾಲಿನಲ್ಲಿ ಮುಂದೆ ನಿಂತಿದ್ದ ದೇವಿರಮ್ಮ ರಾಗಿಯ ಕುಕ್ಕೆಯನ್ನು ಸೊಂಟದಿಂದ ಇಳಿಸಲಿಲ್ಲ. "ಮನೇಲಿ ಎಸರು ಕುದೀತಾ ಅದೆ. ನಿಮ್ಮ ದೀಪದ ಪೆಟ್ಗೆ ಬಂದು ಮುದ್ದೆ ತೊಳಸ್ಕೊಟ್ಟದಾ? ಮೊದ್ಲು ನನ್ನ ಇಟ್ಟು ಆಗ್ಲಿ, ಆಮ್ಯಾಕೆ ಏನಾರ ಮಾಡ್ಕಳಿ" ಎಂದಳು.

ಕೊನೆಗೆ ಆದದ್ದೂ ಹಾಗೆಯೇ. ದೇವಿರಮ್ಮನ ರಾಗಿ ಮುಗಿಯಿತು, ಅವಳ ಹಿಂದಿನ ಮೂವರದೂ ಮುಗಿಯಿತು. ಹೇಗಿದ್ದರೂ ಬೆಲ್ಟು ಬಿಗಿ ಮಾಡಬೇಕಾಗಿತ್ತು ಎಂದು ಕೆಂಪಸಿದ್ದಯ್ಯ ಮೋಟರು ನಿಲ್ಲಿಸಿದ. ಹೊಸದಾಗಿ ಬಂದವರಿಗೆ ಚಲುವರಾಜು ಮಿಲ್ಲಿನ ಬಾಗಿಲಲ್ಲಿ ಕೈ ಅಡ್ಡ ಇಟ್ಟು, "ಒಸಿ ತಡ್ಕಳಿ ಕಣಮ್ಮ, ಅಲ್ಲೊಂದು ಪರಾಣ ಓಯ್ತಾ ಅದೆ" ಎಂದು ಹೇಳುತ್ತ ನಿಂತ. ಹೋಗುತ್ತಿದ್ದದ್ದು ಯಾರ ಪ್ರಾಣ ಎಂದು ಯಾರೂ ಕೇಳಲಿಲ್ಲ. ಇನ್ನೂರೈವತ್ತಾರನೇ ಸಾಲು ಹೊಡೆದಾಗ ಸಂಪತ್ ಕುಮಾರನ ಬನಿಯನ್ ಬೆವರಿನಲ್ಲಿ ತೊಯ್ದಿತ್ತು. ಒಂದು ಮನೆಯೂ ಕೆಟ್ಟಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಸಂಪತ್ ಕುಮಾರ ಕೈಯಲ್ಲಿ ನಿಧಾನಸ್ಥ, ಆದರೆ ತಲೆಯಲ್ಲಿ ಬಹಳ ಆತುರದವನು. ಒಂದು ವಿಷಯ ಮುಗಿಯಿತು ಎನ್ನಿಸಿದರೆ ಅದನ್ನು ಆಗಲೇ, ಶಾಶ್ವತವಾಗಿ ಮುಗಿಸಿಬಿಡಬೇಕು. ಕೈಕಾಲು ತೊಳೆಯದೆ, ಕಾಫಿಯನ್ನೂ ಕುಡಿಯದೆ, "ಎಲ್ಲ ಸರಿಯಿದೆ, ಬಾ" ಎಂದು ಕಾರ್ಡು ಬರೆದು ಓಡಿಹೋಗಿ ಡಬ್ಬಿಗೆ ಹಾಕಿ ಬಂದ.

ಬುಧವಾರ ಬೆಳಿಗ್ಗೆ ಪಂಕಜಮ್ಮ ಅದೇ ಇನ್‌ಲ್ಯಾಂಡ್ ಪತ್ರವನ್ನು ಹಳೇ ಪತ್ರಗಳ ತಂತಿಗೆ ಚುಚ್ಚಿಡಲು ಎತ್ತಿಕೊಂಡಳು. "ಏನ್ರೀ, ಮಡಿಚೋ ತುದೀಲೂ ಏನೋ ಬರೆದಿದಾರಲ್ಲ, ಓದಿದ್ರಾ?"

ಓದಿರಲಿಲ್ಲ. ಅಂಟು ಹಚ್ಚುವ ಪಟ್ಟಿಯ ಒಳಗಡೆ, ಜಾಗ ಸಾಲದೆ ಇರುವೆ ಸಾಲಿನ ಹಾಗೆ ಬರೆದಿತ್ತು: "ಮರೆತೆ. ಸೊನ್ನೆ ನಂಬರಿನಿಂದ ಹಿಡಿದು ಎಲ್ಲ ಮನೆಯೂ ಅಳಿಸಿ ಬರೆಯೋ ಹಾಗಿರಬೇಕು. ಮೊದಲಲ್ಲಿ ಖಾಯಂ ಚಿಪ್ಪು ಕೂರಿಸಿದ್ದರೆ ಆಗಲ್ಲ. ಈ ಸಿಸ್ಟಂ ಮೊದಲ ಮನೆಯಲ್ಲಿ ತಾನೇ ಕೂರುತ್ತೆ."

ಸಂಪತ್ ಕುಮಾರ ಹಜಾರದ ಕಿಟಕಿಯ ಕಡೆ ನೋಡಿದ. ಕಿಟಕಿಯ ಕೆಳಗೆ ಆರಾಮ ಕುರ್ಚಿಯಲ್ಲಿ ಅವನ ತಂದೆ ವೆಂಕಟರಾಮಯ್ಯ ಪೇಪರು ಓದುತ್ತಿದ್ದರು. ಆ ಮನೆಯಲ್ಲಿ ತಂದೆಯನ್ನು ಅಣ್ಣ ಎಂದೇ ಕರೆಯುವುದು. ಎಪ್ಪತ್ತಾರು ವರ್ಷ, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮೇಷ್ಟ್ರಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು.

ಮೊದಲ ಮನೆಗಳೆಲ್ಲ ಖಾಯಂ ಚಿಪ್ಪಿನವು. ಅದರ ಮೊದಲ ಮೂರು ಮನೆಗಳಲ್ಲಿ ಇದ್ದದ್ದು ಶ್ರೀ.

ಮೆಷಿನ್ನು ಕಟ್ಟಿದ ಹೊಸದರಲ್ಲಿ ಅದಕ್ಕೆ ಖಾಯಂ ನೆನಪು ಇರಲಿಲ್ಲ. ಕರೆಂಟು ಬಂದಾಗಲೆಲ್ಲ ಮೊದಲಿನಿಂದ ಸ್ವಿಚ್ಚು ಒತ್ತಿ ಒತ್ತಿ ಒಂದೊಂದೇ ಮನೆ ತುಂಬಬೇಕಿತ್ತು. ಅವನು ಕೂತ ಕೂಡಲೇ ಆರಾಮ ಕುರ್ಚಿಯಿಂದ ಪ್ರಶ್ನೆ ಬರುತ್ತಿತ್ತು, "ಸಂಪತ್ತು, ಶ್ರೀ ಬರೆದ್ಯಾ?" ಯಾವ ಕಾಗದವಾಗಲಿ, ಮೊದಲು ನೆತ್ತಿಯಲ್ಲಿ ಶ್ರೀ ಬರೆದು ಮುಂದಿನದನ್ನು ಬರೆಯುವ ಮನೆತನ. ಬರೆದೆ ಎಂದು ಸುಳ್ಳು ಹೇಳಲು ಮನಸ್ಸು ಬಾರದೆ, ಇಂಗ್ಲಿಷಿನ ಮೂರಕ್ಷರಗಳಲ್ಲಿ ಶ್ರೀಯನ್ನು ಮೊದಲ ಮೂರು ಮನೆಗಳಿಗೆ ಅವನು ಒತ್ತಿಯೇ ನೋಡಿದ. ಅದೃಷ್ಟಕ್ಕೆ ಆ ಮೂರೂ ಲೆಕ್ಕ ಮಾಡುವ ಚಿಪ್ಪಿಗೆ ನಿರುಪದ್ರವಿ ಅಪ್ಪಣೆಗಳು, ಈ ಜೇಬಿನದನ್ನು ಆ ಜೇಬಿಗೆ ಹಾಕು ಎಂಬಂಥವು. ಮೆಷಿನ್ನು ಶ್ರೀ ಓದಿಕೊಂಡು ತೊಂದರೆಯಿಲ್ಲದೆ ಮುಂದೆ ಹೋಯಿತು. ಆದರೆ ದಿನಕ್ಕೆ ಎಂಟು ಸಲ ಕರೆಂಟು ಹೋಗುವುದು, ಎಂಟು ಸಲವೂ ಅಣ್ಣ ಕೇಳುವುದು. ಅವನಿಗೆ ತಲೆ ಚಿಟ್ಟು ಹಿಡಿದುಹೋಯಿತು. ಕರೆಂಟು ಹೋದರೂ ಅಳಿಯದ ಖಾಯಂ ಚಿಪ್ಪು ಮಾಡಿಕೊಡುತ್ತೇನೆ ಎಂದು ರಾಮಾನುಜ ಹೇಳಿದಾಗ, ಅದರಲ್ಲಿ ತುಂಬಬೇಕಾದ ಅಪ್ಪಣೆಗಳ ಪಟ್ಟಿಯ ಮೊದಲಲ್ಲೇ ಶ್ರೀ ಸೇರಿಸಿ ಕಳಿಸಿದ. ಚಿಪ್ಪು ಬಂದ ದಿನ, "ಅಣ್ಣ, ಇನ್ನು ಕೇಳಬೇಡಿ. ಯಾವತ್ತೂ ಅಳಿಯದ ಹಾಗೆ ಬರೆಸಿದ್ದೀನಿ" ಎಂದ. ಅವರು ಅದಾದ ಮೇಲೆ ಕೇಳಲೇ ಇಲ್ಲ. ಮನೆಗೆ ಬಂದವರಿಗೆ ಮಾತ್ರ, "ಮೊದಲ ಮನೆಯಲ್ಲಿ ಶ್ರೀ ಇದೆಯಂತೆ" ಎಂದು ಹೇಳುತ್ತಿದ್ದರು.

ಈಗ ಆ ಶ್ರೀಯನ್ನು ಕಿತ್ತು, ಯಾರೋ ಬರೆದ ಪಾರುಪತ್ಯಗಾರನನ್ನು ಅಲ್ಲಿ ಕೂರಿಸಬೇಕು. ಇಲ್ಲವೇ ಬೊಂಬೆ ಬೊಂಬೆಯಾಗಿಯೇ ಇರಬೇಕು.

"ಬರಬೇಡ ಅಂತ ತಂತಿ ಕೊಟ್ಟುಬಿಡಿ" ಎಂದಳು ಪಂಕಜಮ್ಮ, ಅವನ ಮುಖ ನೋಡಿ.

"ಎಲ್ಲ ಸರಿಯಿದೆ ಅಂತ ನಿನ್ನೆ ಬರೆದು, ಇವತ್ತು ಬರಬೇಡ ಅಂತ ತಂತಿ ಕೊಡ್ಲಾ? ಅವನೂ ಬೊಂಬೆ ಅಂತಾನೆ."

ಗುರುವಾರ ಇಡೀ ದಿನ ಅವನು ಕಾರ್ಖಾನೆಯಲ್ಲಿ ಎಲ್ಲರ ಮೇಲೂ ರೇಗಿದ. ಅಂಚೆ ಇಲಾಖೆಯವರು ಪತ್ರಕ್ಕೆ ಇನ್ನೊಂದಿಷ್ಟು ಅಗಲದ ಹಾಳೆ ಏಕೆ ಕೊಡಬಾರದು ಎಂದು ರೇಗಿದ, ಮರೆತೆ ಎಂದು ಬರೆಯುವ ರಾಮಾನುಜನ ಮೇಲೆ ರೇಗಿದ, ಆ ಚಿಪ್ಪು ಮಾಡಿಕೊಟ್ಟವನೇ ಅವನಲ್ಲವೇ, ಅದರಲ್ಲಿ ಏನಿದೆ ಎಂದು ಅವನಿಗೆ ಗೊತ್ತಿರಬೇಡವೇ. ಎಲ್ಲರ ಮೇಲೂ ರೇಗಿ ಮುಗಿದ ಮೇಲೆ ಉಳಿದವನು ಒಬ್ಬನೇ, ಶ್ರೀ ಸೇರಿಸಿ ಆ ಪಟ್ಟಿ ಕಳಿಸಿದವನು.

ಸಂಗತಿಯೆಲ್ಲ ಕೇಳಿಸಿಕೊಂಡ ಚಲುವರಾಜು ಊಟದ ಡಬ್ಬಿ ಮುಚ್ಚುತ್ತ ಹೇಳಿದ. "ಅಲ್ಲ ಕಣ್ಲಾ, ಮೇಷ್ಟ್ರಿಗೆ ಯೋಳ್ದೆ ಕಿತ್ತಾಕ್ಬುಡು. ಒಳಗೆ ಏನದೆ ಅಂತ ಅವ್ರಿಗೇನು ಕಂಡದಾ?"

"ಕಾಣಲ್ಲ. ಅದಕ್ಕೇ ಕಷ್ಟ."

"ಅಂಗಾರೆ ಯೋಳು. ಮೇಷ್ಟ್ರು ಅಂದ್ಮ್ಯಾಕೆ ಒಡೀತಾರೆ, ಇಲ್ಲ ಪಾಸು ಮಾಡ್ತಾರೆ. ಇನ್ನೇನು ಮಾಡಾರು?"

ಆ ಸಂಜೆ ಅವನು ಹೇಳಿದ. ಸುತ್ತಿ ಬಳಸಿ, ಚಿಪ್ಪು ಮನೆ ಸಿಸ್ಟಂ ಎಂದು ಮೂರು ಸಲ ದಾರಿ ತಪ್ಪಿ, ಕೊನೆಗೆ, "ಅಣ್ಣ, ಶ್ರೀ ತೆಗೀಬೇಕಾಗುತ್ತೆ" ಎಂದ. ಹೇಳಿ ಕನ್ನಡಕ ಒರೆಸತೊಡಗಿದ.

ವೆಂಕಟರಾಮಯ್ಯ ಪೇಪರು ಮಡಿಸಿದರು. "ತೆಗೆದ್ರೆ ಮತ್ತೆ ಬರೆಯೋಕೆ ಬರುತ್ತಾ?"

"ಬರುತ್ತೆ. ಆದ್ರೆ ನಿಲ್ಲಲ್ಲ. ಆ ಸಿಸ್ಟಂ ಬಂದು ಕೂತ ತಕ್ಷಣ ಅಳಿಸಿಹೋಗುತ್ತೆ. ಪ್ರತಿ ಸಲ ಕರೆಂಟು ಬಂದಾಗ ಮತ್ತೆ ಕೈಯಲ್ಲೇ ಒತ್ತಬೇಕು."

"ಅಷ್ಟಕ್ಕೆ ಎರಡು ದಿವಸದಿಂದ ಮುಖ ಊದಿಸಿಕೊಂಡಿದ್ದೀಯಾ?" ಅವರ ದನಿಯಲ್ಲಿ ಹಳೇ ಮೇಷ್ಟ್ರ ಬೇಸರ ಇತ್ತು, ಸುಲಭದ ಲೆಕ್ಕ ತಪ್ಪು ಮಾಡಿದ ಹುಡುಗನ ಸ್ಲೇಟು ನೋಡಿದಾಗಿನ ಬೇಸರ. "ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಶ್ರೀ ಬರೆದಿದ್ದೀನಿ, ದಿನಾ ಸಂಜೆ ಅಳಿಸಿದ್ದೀನಿ. ಬಣ್ಣದಲ್ಲಿ ಒಂದೇ ಸಲ ಬರೆಸಿಬಿಡಿ, ಯಾಕೆ ದಿನಾ ತೊಂದರೆ ಅಂತ ಒಬ್ಬ ಇನ್ಸ್‌ಪೆಕ್ಟರು ಹೇಳಿದ. ನಾನು ಒಪ್ಪಲಿಲ್ಲ. ಬಣ್ಣದಲ್ಲಿ ಬರೆದ್ರೆ ಅದು ಬೋರ್ಡಿನ ಮರ ಆಗಿಬಿಡುತ್ತೆ, ಯಾರೂ ನೋಡಲ್ಲ." ಪೇಪರನ್ನು ಕುರ್ಚಿಯ ಕೈ ಮೇಲಿಟ್ಟರು. "ಬರೆದ್ಯಾ ಅಂತ ಕೇಳ್ತಿದ್ದೆ ಕಣೋ ನಾನು. ಮೊಳೆ ಹೊಡೆದ್ಯಾ ಅಂತ ಯಾವತ್ತಾದ್ರೂ ಕೇಳಿದ್ನಾ? ಬಾಯಿ ಮುಚ್ಚಿಸೋಕೆ ಮೊಳೆ ಹೊಡೆದೆ ನೀನು. ಮುಚ್ಚಿಕೊಂಡೆ."

ಎರಡು ವರ್ಷದಿಂದ ಅಣ್ಣ ಆ ಮೆಷಿನ್ನಿನ ಬಗ್ಗೆ ತನ್ನೊಡನೆ ಒಂದು ಮಾತೂ ಆಡಿಲ್ಲ ಎನ್ನುವುದು ಸಂಪತ್ ಕುಮಾರನಿಗೆ ಆಗ ಹೊಳೆಯಿತು. ಆ ಒಂದು ಪ್ರಶ್ನೆ ಬಿಟ್ಟರೆ ಆ ತಗಡಿನ ಪೆಟ್ಟಿಗೆಯ ಬಗ್ಗೆ ಕೇಳಲು ಅವರಿಗೆ ಬೇರೇನೂ ಗೊತ್ತಿರಲಿಲ್ಲ. ಗೊತ್ತಿದ್ದ ಒಂದನ್ನೂ ಇವನು ಮುಗಿಸಿಬಿಟ್ಟಿದ್ದ. ನಾಚಿಕೆಯಾಯಿತು.

ಶುಕ್ರವಾರ, ಶನಿವಾರ ಎರಡೂ ಸಂಜೆ ಅವನು ಖಾಯಂ ಚಿಪ್ಪು ಕಿತ್ತು ತಂತಿಗಳನ್ನು ಬಿಚ್ಚಿ ಬೆಸೆದ. ಆ ಚಿಪ್ಪಿನಲ್ಲಿದ್ದ ಅವನ ಮಗ್ಗಿ, ವಾರ ಹೇಳುವ ಕೆಲಸ ಎಲ್ಲವೂ ಅದರ ಜೊತೆಗೇ ಹೋದವು. ಚಲುವರಾಜು ಟಾರ್ಚು ಹಿಡಿದು, "ಇದ್ದುದ್ದನ್ನೂ ಕಳಕಂಡೆ, ನಾಳೆ ಅದು ಓಡ್ದೆ ಓದ್ರೆ ನೀನು, ನಾನು, ಈ ತಗಡು ಮೂವರೂ ಗುಜರಿಗೆ" ಎಂದು ಧೈರ್ಯ ಹೇಳಿದ.

ಭಾನುವಾರ ಹತ್ತು ಗಂಟೆಗೆ ರಾಮಾನುಜ ಗೋಣಿಚೀಲದಲ್ಲಿ ಡಿಸ್ಕಿನ ಪೆಟ್ಟಿಗೆ ಕಟ್ಟಿಕೊಂಡು, ಸೊಂಟ ಹಿಡಿದುಕೊಂಡು ಬಂದ. ಅಗಲದ ಒಂದು ಪಟ್ಟಿ ತಂತಿಯಿಂದ ಎರಡನ್ನೂ ಜೋಡಿಸಿದರು. ಡಿಸ್ಕಿನಿಂದ ಸಿಸ್ಟಮ್ಮನ್ನು ಎಳೆದು ತರುವ ನಲವತ್ತು ಅಪ್ಪಣೆಗಳನ್ನು ಕೈಯಲ್ಲೇ ಒತ್ತಬೇಕಿತ್ತು. ಸಂಪತ್ ಕುಮಾರ ಮೊದಲು ಶ್ರೀ ಒತ್ತಿದ, ಆಮೇಲೆ ಉಳಿದದ್ದು. ಇಪ್ಪತ್ತೊಂಬತ್ತನೆಯದರಲ್ಲಿ ಮಿಲ್ಲಿನ ಮೋಟರು ಎದ್ದಿತು. ಚಲುವರಾಜು ಬೀದಿಗೆ ಓಡಿದ. ಎರಡನೇ ಸಲ ಸಂಪತ್ ಕುಮಾರನೇ ಒಂದು ಸ್ವಿಚ್ಚು ತಪ್ಪು ಒತ್ತಿದ. ಮೂರನೇ ಸಲ ಡಿಸ್ಕು ಗೊರಗೊರ ಎಂದಿತು, ಸುಮ್ಮನಾಯಿತು, ಟೆಲಿಪ್ರಿಂಟರಿನ ಮೈ ಒಮ್ಮೆ ನಡುಗಿ ಕಾಗದದ ಮೇಲೆ ಇಂಗ್ಲಿಷಿನ ಮೊದಲ ಅಕ್ಷರ ಹೊಡೆಯಿತು. ಅದರ ಪಕ್ಕಕ್ಕೆ ಬಾಣದಂಥ ಒಂದು ಗುರುತು.

"ಕೂತಿತು" ಎಂದ ರಾಮಾನುಜ. "ಇನ್ನು ಯಾರ ಪ್ರೋಗ್ರಾಮು ಬೇಕಾದರೂ ಹಾಕು. ಕಂಪ್ಯೂಟರ್ ಆಯ್ತು ನಿನ್ನದು."

ವೆಂಕಟರಾಮಯ್ಯ ಎದ್ದು ಬಂದು ಕಾಗದ ಬಗ್ಗಿ ನೋಡಿದರು. "ಇಷ್ಟೇನಾ ಬರೆಯೋದು?" ಎಂದರು.

ಸಂಪತ್ ಕುಮಾರ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಡಿಸ್ಕು ನಿಂತಿತು, ಕೆಂಪು ದೀಪಗಳು ಆರಿದವು, ಕೂತಿದ್ದ ಪಾರುಪತ್ಯಗಾರ ಎದ್ದು ಹೊರಟುಹೋದ. ರಾಮಾನುಜ ಬಸ್ಸಿನ ಹೊತ್ತು ನೋಡಿಕೊಂಡು, ಡಿಸ್ಕಿನ ಪೆಟ್ಟಿಗೆ ಇಲ್ಲೇ ಇರಲಿ, ಮೈಸೂರಿನಿಂದ ವಾಪಸು ಬರುವಾಗ ಒಯ್ಯುತ್ತೇನೆ ಎಂದ. ಸಂಪತ್ ಕುಮಾರ ಕನ್ನಡಕ ತೆಗೆದ. ಅಡುಗೆಮನೆಯಲ್ಲಿ ಪಂಕಜಮ್ಮ ಎಲ್ಲರಿಗೂ ಎಲೆ ಹಾಕಲು ಶುರು ಮಾಡಿದಳು, ಕರೆಂಟನ್ನು ನಂಬಿ ಸಾರು ಆರಿಸುವ ಹೆಂಗಸಲ್ಲ ಅವಳು.

ಊಟ ಮುಗಿದ ಮೇಲೆ ಕರೆಂಟು ಬಂತು. ಕೈ ಒರೆಸಿಕೊಂಡು ಸಂಪತ್ ಕುಮಾರ ಹಜಾರಕ್ಕೆ ಬಂದರೆ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಅಣ್ಣ ಕೂತಿದ್ದರು. ಬೆಳಿಗ್ಗೆಯಿಂದ ಮಗ ಒತ್ತುವುದನ್ನು ಮೂರು ಸಲ ನೋಡಿದ್ದೇ ಅವರಿಗೆ ಕಲಿಯಲು ಸಾಕಾಗಿತ್ತು. ಒಂದೊಂದೇ ಸ್ವಿಚ್ಚು ಮೇಲೆ, ಕೆಳಗೆ ಮಾಡಿ, ಮನೆ ತುಂಬುವ ಗುಂಡಿ ಒತ್ತುತ್ತಿದ್ದರು. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದನ್ನು ತಪ್ಪಿ ಇಟ್ಟು, ತಾವೇ ನೋಡಿಕೊಂಡು, ತಿದ್ದಿದರು. ಸಂಪತ್ ಕುಮಾರ ಬಾಗಿಲಲ್ಲೇ ನಿಂತ.

"ಶ್ರೀ ಬರೆದಾಯ್ತು" ಎಂದು ಅವರು ಸ್ಟೂಲು ಬಿಟ್ಟು ಎದ್ದರು. "ಉಳಿದದ್ದು ನೀನು ಒತ್ತಿಕೋ. ಕರೆಂಟು ಹೋದ್ರೆ ಮತ್ತೆ ನನ್ನನ್ನ ಕರಿ."

ಆ ದಿನ ಇನ್ನೂ ನಾಲ್ಕು ಸಲ ಕರೆಂಟು ಹೋಯಿತು. ನಾಲ್ಕು ಸಲವೂ ಅವನು ಕರೆದ.